ಜೂಮ್ ತಾರದ ದನಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಹಳೆಯ ಮದುವೆ ಕ್ಯಾಸೆಟ್ ಯಾವುದನ್ನೇ ಹಾಕಿ, ಕಾಣುವುದು ಹೆಚ್ಚುಕಡಿಮೆ ಒಂದೇ: ಕಣ್ಣು ಕುಕ್ಕುವ ಹ್ಯಾಲೋಜನ್ ಬೆಳಕು, ಬಾಸಿಂಗದಡಿ ಬೆವರುವ ಮದುಮಗ, ಗುಲಾಬಿ ಹೂವಿನೊಳಗಿಂದ ಅರಳಿ ಬರುವ ಜೋಡಿ, ಹಿಂದೊಂದು ಸಿನಿಮಾ ಹಾಡು. ಗುಲಾಬಿಯನ್ನು ಕ್ಷಮಿಸಬಹುದು. ನನ್ನ ತಕರಾರು ಹಾಡಿನ ಮೇಲೆ.

ನಮ್ಮ ಕಡೆಯ ಮದುವೆ ನೋಡುವುದಕ್ಕಿಂತ ಕೇಳುವಂಥದ್ದು. ಸುರಗಿಯ ನೀರೆರೆಯುವಾಗ ಮುತ್ತೈದೆಯರ ಸೋಬಾನ ಪದ. ಹೊಸ್ತಿಲಿಗೆ ಅಡ್ಡ ನಿಂತ ನಾದಿನಿಯರು ‘ಹೆಸರು ಹೇಳವಾ, ಒಳಗ ಬಿಡ್ತೀವಿ’ ಎಂದು ಕಾಡಿದಾಗ ಮದುಮಗಳು ಒಡಪು ಕಟ್ಟಿ ಹೇಳುವ ಗಂಡನ ಹೆಸರು. ಮಿಕ್ಸಿಂಗ್‌ನಲ್ಲಿ ಹಾಡು ಕೂಡಿಸುವಾಗ ಇವೆಲ್ಲ ಅಳಿಸಿಹೋದವು. ತುಟಿ ಅಲುಗುತ್ತದೆ, ಸುತ್ತಲಿನವರು ಗೊಳ್ಳೆನ್ನುತ್ತಾರೆ, ಏನಂದಳೋ ತಿಳಿಯದು.

1985ರಲ್ಲಿ ಸೋನಿ ಹ್ಯಾಂಡಿಕ್ಯಾಮ್, 1995ರಲ್ಲಿ ಮಿನಿ ಡಿವಿ ಬಂದವು. ಕ್ಯಾಮೆರಾ ಮನೆಯವರ ಕೈಗೇ ಸಿಕ್ಕಾಗಲಾದರೂ ಈ ತಪ್ಪನ್ನು ತಿದ್ದಿಕೊಳ್ಳಬೇಕಿತ್ತು. ಆದರೆ ಬೆರಳು ಜೂಮ್ ಗುಂಡಿ ಬಿಟ್ಟು ಏಳಲಿಲ್ಲ. ಜೂಮ್ ಮುಖವನ್ನು ಹತ್ತಿರ ತಂದೀತು, ದನಿಯನ್ನಲ್ಲ. ಸಾಮಾನ್ಯವಾಗಿ ಮೈಕು ಕ್ಯಾಮೆರಾಕ್ಕೇ ಅಂಟಿಕೊಂಡಿರುತ್ತದೆ. ಪಕ್ಕದವರ ಹರಟೆಯೇ ಅದಕ್ಕೆ ಮೊದಲು ಕೇಳುವುದು. ಜೂಮ್ ಹಿಂದಕ್ಕೆಳೆದು ನಾಲ್ಕು ಹೆಜ್ಜೆ ಮುಂದೆ ಹೋದರೆ ಒಡಪೂ ಸಿಗುತ್ತದೆ, ಚಿತ್ರದ ನಡುಕವೂ ತಗ್ಗುತ್ತದೆ.

ಹೋರಿ ಹಬ್ಬದಲ್ಲಿ ಮಾತ್ರ ಈ ಲೆಕ್ಕ ನಡೆಯದು. ದೀಪಾವಳಿಯ ಹೊತ್ತಿಗೆ ಕೊಬ್ಬರಿ ಸರ ಹೊತ್ತು ನುಗ್ಗುವ ಹೋರಿಯ ಹತ್ತಿರ ಹೋಗುವುದು ಹುಚ್ಚುತನ. ಅದರ ಬೆನ್ನಿಗೇ ಕ್ಯಾಮೆರಾ ತಿರುಗಿಸಿದವರ ಟೇಪಿನಲ್ಲಿ ಉಳಿದಿರುವುದು ಧೂಳು, ಬಾಲ. ಮಾಳಿಗೆಯ ಮೇಲೆ ಕದಲದೆ ನಿಂತು, ಹೋರಿ ದಾಟಿದ ಮೇಲೂ ಹತ್ತು ಸೆಕೆಂಡು ಬಿಟ್ಟವನಿಗೆ ಕೊಬ್ಬರಿ ಹರಿದವನ ಕೇಕೆ, ತಪ್ಪಿಸಿಕೊಂಡವನ ಪೆಚ್ಚುನಗೆ ಎರಡೂ ದಕ್ಕುತ್ತವೆ.

ದನಿಯಷ್ಟೇ ಅಲ್ಲ, ಚಿತ್ರದಲ್ಲೂ ಹೀಗೇ ಕಳೆದುಕೊಂಡದ್ದುಂಟು. ಸವಣೂರಿನ ಮೂರು ದೊಡ್ಡಹುಣಸೆ ಮರಗಳನ್ನು ಬುಡದಿಂದ ತುದಿಗೆ ಸವರಿದ ಚಿತ್ರಗಳು ಬೇಕಾದಷ್ಟಿವೆ. ಬುಡದಲ್ಲಿ ಮಗುವನ್ನು ನಿಲ್ಲಿಸಿ ತೆಗೆದರೆ ಮರದ ಗಾತ್ರವೂ ತಿಳಿಯುತ್ತದೆ, ಮಗುವಿನ ವಯಸ್ಸೂ. ಆ ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಉರುಳಿತು. ಮತ್ತೆ ನೆಟ್ಟರು ನಿಜ, ಆದರೆ ಆ ಮಗು ಮತ್ತೆ ಅಷ್ಟು ಚಿಕ್ಕದಾಗದು.

ಮದುವೆ ಕ್ಯಾಸೆಟ್ಟಿನ ವಿಷಯದಲ್ಲಿ ಮಿಕ್ಸಿಂಗ್ ಮಾಡಿದವನೊಬ್ಬನನ್ನೇ ದೂರುವಂತಿಲ್ಲ. ‘ಚಲೋ ಹಾಡ ಹಾಕ್ರಿ’ ಎಂದವರು ನಾವೇ. ಈಗಿನ ಮೊಬೈಲಿನಲ್ಲೂ ಅದನ್ನೇ ಮಾಡುತ್ತಿದ್ದೇವೆ. ಅಟ್ಟದ ಡಬ್ಬಿಯಲ್ಲಿ ಮಿಕ್ಸಿಂಗ್ ಆಗದ ಮೂಲ ಕ್ಯಾಸೆಟ್ ಉಳಿದಿದ್ದರೆ, ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅವ್ವ ಹೇಳಿದ ಒಡಪು ಅದರಲ್ಲಿದ್ದೀತು.