ಹಿರೀಸಾವೆಯ ಹೆಸರೂ ಶಾಸನಗಳ ಸಮಾನ ವಿವರಣಸೂಚಿಯೂ

ಗ್ರಂಥಾಲಯಗಳೂ ಶಾಸನಭಂಡಾರಗಳೂ ತಮ್ಮ ಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವ ಈ ಕಾಲದಲ್ಲಿ, ಎಲ್ಲ ಸಂಸ್ಥೆಗಳಿಗೂ ಒಪ್ಪುವ ಒಂದೇ ಮಾದರಿಯ ವಿವರಣಸೂಚಿಯು ಬೇಕೆಂಬ ಅಭಿಪ್ರಾಯವು ಬಲಗೊಂಡಿದೆ. ವಿವರಣಸೂಚಿಯೆಂದರೆ ಹೆಸರು, ಕರ್ತೃ, ಕಾಲ, ಭಾಷೆ, ಸ್ಥಳ ಮೊದಲಾದುವನ್ನು ನಿಯತವಾದ ಅಂಕಣಗಳಲ್ಲಿ ಬರೆದಿಡುವ ಪಟ್ಟಿ. ಹುಡುಕುವವನಿಗೆ ಮೊದಲು ಎದುರಾಗುವುದು ಈ ಪಟ್ಟಿಯೇ ಹೊರತು ಶಾಸನವಲ್ಲ. ಪಟ್ಟಿ ತಪ್ಪಿದರೆ ಕಲ್ಲು ಇದ್ದೂ ಇಲ್ಲದಂತೆ. ಆದುದರಿಂದ ಈ ಅಭಿಪ್ರಾಯವು ಯುಕ್ತವಾದುದೇ. ಆದರೆ ಸಮಾನತೆಯೆಂದರೆ ಹಳೆಯ ಸೂಚಿಗಳನ್ನೆಲ್ಲ ಅಳಿಸಿ ಹೊಸದೊಂದನ್ನು ಹೇರುವುದೆಂದು ಹಲವರು ತಿಳಿದಂತೆ ತೋರುತ್ತದೆ. ಈ ತಿಳಿವಳಿಕೆ ಎಷ್ಟುಮಟ್ಟಿಗೆ ಸಾಧುವೆಂಬುದಕ್ಕೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕು ಒಳ್ಳೆಯ ಒರೆಗಲ್ಲು.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟವು 1902ರಲ್ಲಿ ಹೊರಬಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮುಂತಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿವೆ. ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ, ಊರು, ಊರಿನಲ್ಲಿ ಕಲ್ಲು ಇರುವ ಎಡೆ, ಇಷ್ಟನ್ನು ಪ್ರತಿಯೊಂದಕ್ಕೂ ಹೇಳಿರುವುದು ಆ ಕಾಲಕ್ಕೆ ಸಾಮಾನ್ಯವಾದ ಸಾಧನೆಯಲ್ಲ. ಕಲ್ಲು ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಎಂಬುದನ್ನು ಬರೆದಿಟ್ಟ ಆ ಒಂದು ಸಾಲು ಇಂದಿನ ಅನೇಕ ಸೂಚಿಗಳಲ್ಲಿ ಕಾಣುವುದಿಲ್ಲ. ದೋಷವಿರುವುದು ಬೇರೆ ಕಡೆ. ಸಂಖ್ಯೆಯು ತಾಲ್ಲೂಕನ್ನು ಆಶ್ರಯಿಸಿದೆ; ತಾಲ್ಲೂಕೋ ಸರ್ಕಾರದ ಅನುಕೂಲವನ್ನು ಆಶ್ರಯಿಸಿದೆ. ಅದೇ ಸಂಪುಟದ ಮಂಜರಾಬಾದು ತಾಲ್ಲೂಕು ಇಂದು ಸಕಲೇಶಪುರವೆನಿಸಿಕೊಂಡಿದೆ. ಹಿರೀಸಾವೆಯ ಕಡೆಯ ಹಳ್ಳಿಗಳ ಶಾಸನಗಳನ್ನು ಅರಸುವವನು 5ನೆಯ ಸಂಪುಟವನ್ನು ತೆರೆಯಬೇಕು. ಅದೇ ತಾಲ್ಲೂಕಿನ ಶ್ರವಣಬೆಳಗೊಳದವುಗಳಿಗೆ 2ನೆಯ ಸಂಪುಟವನ್ನೇ ನೋಡಬೇಕು.

ಆ 2ನೆಯ ಸಂಪುಟದ ಕಥೆ ಇನ್ನೂ ಬೋಧಪ್ರದವಾದುದು. 1889ರಲ್ಲಿ ರೈಸ್ ಅವರು ಪ್ರಕಟಿಸಿದಾಗ ಅದರಲ್ಲಿದ್ದ ಶಾಸನಗಳು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಅವು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಹೊರತಂದ ಪರಿಷ್ಕರಣದಲ್ಲಿ 573 ಇವೆ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ಮಲ್ಲಿಷೇಣ ಪ್ರಶಸ್ತಿಯು ರೈಸ್ ಅವರಲ್ಲಿ 54, ನರಸಿಂಹಾಚಾರ್ಯರಲ್ಲಿ 67, ಕಡೆಯ ಆವೃತ್ತಿಯಲ್ಲಿ ಮತ್ತೊಂದು ಸಂಖ್ಯೆ. ಮೂರು ಸಂಸ್ಥೆಗಳು ಮೂರು ಆವೃತ್ತಿಗಳಿಂದ ಸೂಚಿ ಮಾಡಿ ಒಂದೆಡೆ ಕೂಡಿಸಿದರೆ ಒಂದು ಕಲ್ಲು ಮೂರು ಕಲ್ಲಾಗುವುದರಲ್ಲಿ ಆಶ್ಚರ್ಯವಿಲ್ಲ. ನರಸಿಂಹಾಚಾರ್ಯರು ಇದನ್ನು ಮುಂಗಂಡವರಂತೆ, ಹೊಸ ಸಂಖ್ಯೆಯ ಪಕ್ಕದಲ್ಲಿಯೇ ಹಳೆಯದನ್ನು ಆವರಣದಲ್ಲಿಟ್ಟರು. ಎರಡು ಅಂಕಗಳ ಈ ಸಣ್ಣ ಔದಾರ್ಯವು ಇಂದಿನ ಅನೇಕ ಯೋಜನೆಗಳಿಗೆ ಹೊಳೆದಿಲ್ಲ.

ಈಗ ಎಲ್ಲೆಡೆ ಆಧಾರವಾಗಿರುವ ಮಾದರಿ ‘ಡಬ್ಲಿನ್ ಕೋರ್’. 1995ರಲ್ಲಿ ಅಮೆರಿಕದ ಒಹಾಯೊ ಪ್ರಾಂತದ ಡಬ್ಲಿನ್ ಎಂಬ ಊರಿನಲ್ಲಿ ಸೇರಿದ ಗೋಷ್ಠಿಯಿಂದ ಹುಟ್ಟಿದ ಇದರಲ್ಲಿ ಮೂಲತತ್ತ್ವಗಳು 15. ಅಚ್ಚಾದ ಪುಸ್ತಕಕ್ಕೆ ಇವು ಬಹುಮಟ್ಟಿಗೆ ಸಾಕು. ಮಲ್ಲಿಷೇಣ ಪ್ರಶಸ್ತಿಗೆ ಹಚ್ಚಿ ನೋಡಿದರೆ ತೊಡಕು ತಿಳಿಯುತ್ತದೆ. ಇದಕ್ಕೆ ‘ಕರ್ತೃ’ ಯಾರು? ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ರೂವಾರಿಯನ್ನು ‘ಸಹಾಯಕ’ನೆಂಬ ಅಂಕಣಕ್ಕೆ ತಳ್ಳುವ ಸೂಚಿಯು ಕನ್ನಡನಾಡಿನ ಶಿಲ್ಪಚರಿತ್ರೆಗೆ ಅನ್ಯಾಯ ಮಾಡುತ್ತದೆ. ‘ಭಾಷೆ’ಯೆಂಬಲ್ಲಿ ಸಂಸ್ಕೃತವೆಂದು ಬರೆದು ಮುಗಿಸಿದರೆ ಲಿಪಿಯು ಕನ್ನಡವೆಂಬುದು ಮರೆಯಾಗುತ್ತದೆ. ಇನ್ನು ಕಾಲ: ಶಾಸನದಲ್ಲಿರುವುದು ಶಕ 1050, ಕೀಲಕ ಸಂವತ್ಸರದ ಫಾಲ್ಗುಣ. ಯಂತ್ರದಂತೆ 78ನ್ನು ಕೂಡಿಸಿದವನಿಗೆ 1128 ಬರುತ್ತದೆ. ಫಾಲ್ಗುಣವು ವರ್ಷದ ಕೊನೆಯ ಮಾಸವಾದುದರಿಂದ ಅದು 1129ರ ಮಾರ್ಚ್ ಆಗಬೇಕು. ಹೀಗಿರುವಲ್ಲಿ ಕಲ್ಲಿನ ಮಾತಿನಲ್ಲಿರುವ ತಿಥಿಯನ್ನು ಬಿಟ್ಟು ಗಣಿಸಿದ ವರ್ಷವನ್ನಷ್ಟೇ ಉಳಿಸಿದರೆ ತಪ್ಪನ್ನು ತಿದ್ದುವ ದಾರಿಯೇ ಮುಚ್ಚಿದಂತೆ. ಮಾದರಿಗೆ ನ್ಯಾಯವಾಗಿ ಹೇಳುವುದಾದರೆ, ಅಂಕಣಗಳನ್ನು ಪುನಃ ಪುನಃ ಬಳಸಲೂ ವಿಸ್ತರಿಸಲೂ ಅದು ಅವಕಾಶ ಕೊಟ್ಟಿದೆ. ಹದಿನೈದೇ ಸಾಕೆಂದು ತೃಪ್ತಿಗೊಂಡವರು ಬಳಸುವವರು.

ಹೆಸರುಗಳ ಪಾಡು ಇದಕ್ಕಿಂತ ಕಷ್ಟತರ. ಬೆಂಗಳೂರು–ಹಾಸನ ಹೆದ್ದಾರಿಯ ಮೇಲಿರುವ ಹಿರೀಸಾವೆಯನ್ನು ಕನ್ನಡದಲ್ಲಿಯೇ ‘ಹಿರಿಸಾವೆ’ ಎಂದೂ ಬರೆಯುವುದುಂಟು. ಓದುವವನಿಗೆ ಇದು ಒಂದು ದೀರ್ಘದ ಭೇದ. ಯಂತ್ರಕ್ಕೆ ಎರಡು ಬೇರೆ ಊರು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ಸ್ವರಚಿಹ್ನೆಗಳಿಲ್ಲದ ರೋಮನ್ ಅಕ್ಷರಗಳಲ್ಲಿ ಬರೆದುದರಿಂದ ಹ್ರಸ್ವ ದೀರ್ಘಗಳೂ, ಲಕಾರ ಳಕಾರಗಳೂ ಒಂದಾದುವು. ಚಿತ್ರಗಳು ಉಳಿದರೂ ಪುಸ್ತಕಗಳು ಕಾಣದಾದುವು. ವಿಪರ್ಯಯವೂ ಉಂಟು: ರೂಪಗಳೆಲ್ಲ ಒಂದೇ ಎಂದು ಕೂಡಿಸುವ ಉತ್ಸಾಹದಲ್ಲಿ ಶಾಸನಗಳ ಬೆಳ್ಗೊಳ, ಬೆಳುಗುಳಗಳೊಡನೆ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳವನ್ನೂ ಬೆರಸಿಬಿಡುವ ಭಯ.

ಹಳೆಯ ಸಂಖ್ಯೆಗಳನ್ನೂ ರೂಪಗಳನ್ನೂ ಹೊತ್ತರೆ ಸೂಚಿಯು ಭಾರವಾಗುವುದೆಂಬ ಆಕ್ಷೇಪವಿದೆ. ತಾಳೆಗರಿಗಳ ಕಾಲದಲ್ಲಿ ಇದಕ್ಕೆ ಬೆಲೆಯಿತ್ತು; ಈಗ ಒಂದು ಸಾಲು ಹೆಚ್ಚಾದರೆ ಯಾವ ಕಪಾಟೂ ಕುಸಿಯುವುದಿಲ್ಲ. ಕಷ್ಟವಿರುವುದು ದುಡಿಮೆಯಲ್ಲಿ. ಎರಡು ಆವೃತ್ತಿಗಳನ್ನು ಎದುರಿಗಿಟ್ಟು ಹೋಲಿಸಲು ಹಳಗನ್ನಡವನ್ನು ಬಲ್ಲವನು ಬೇಕು. ಇಂಥ ಕೆಲಸಕ್ಕೆ ಯೋಜನೆಗಳು ಹಣವನ್ನು ಎತ್ತಿಡುವುದು ಅಪೂರ್ವ. ಸಂಸ್ಥೆಗಳು ತಂತಮ್ಮ ವಿವರಣೆಗಳನ್ನು ಇದ್ದಂತೆಯೇ ಇಟ್ಟುಕೊಂಡು, ಪ್ರತಿಯೊಂದು ಕಲ್ಲಿಗೂ ತಾಲ್ಲೂಕಿನ ಹಂಗಿಲ್ಲದ ಒಂದು ಸ್ಥಿರವಾದ ಗುರುತನ್ನು ಮಾತ್ರ ಒಪ್ಪಿಕೊಂಡರೆ ಆರಂಭಕ್ಕೆ ಸಾಕು. 1902ರ ಸಂಪುಟದ ಚನ್ನರಾಯಪಟ್ಟಣದ ಭಾಗವನ್ನು ಮೈಸೂರಿನ ಪರಿಷ್ಕೃತ ಸಂಪುಟದೊಡನೆ ಸಾಲುಸಾಲಾಗಿ ಹೊಂದಿಸುವ ಪಟ್ಟಿಯು ಮೊದಲು ಆಗಬೇಕು; ಅದರ ಜತೆಗೆ ಊರುಗಳ ಪಟ್ಟಿ. ಅದರಲ್ಲಿ ಹಿರೀಸಾವೆಗೆ ಗುರುತು ಒಂದೇ. ಕನ್ನಡದ ಎರಡು ರೂಪಗಳೂ ರೋಮನ್ ರೂಪವೂ ಅದರ ಅಡಿಯಲ್ಲಿ, ಯಾವ ಸಂಪುಟದಲ್ಲಿ ಯಾವುದು ಬಂದಿದೆಯೆಂಬ ಉಲ್ಲೇಖದೊಡನೆ ಇರತಕ್ಕದ್ದು.