ರಾಕ್ಸ್‌ಬರಿ ಬೀದಿಯ ಆಚೆ ಬದಿ

ಸಿಯಾಟಲ್ ನಗರದ ದಕ್ಷಿಣದ ಅಂಚಿನಲ್ಲಿ ರಾಕ್ಸ್‌ಬರಿ ಎಂಬ ಬೀದಿಯಿದೆ. ನೋಡಲು ಏನೂ ವಿಶೇಷವಿಲ್ಲ. ಎರಡೂ ಬದಿಗೆ ಅಂಗಡಿ, ನಿಲ್ಲಿಸಿದ ಕಾರು, ಬಸ್ಸಿಗೆ ಕಾಯುವ ಜನ. ಬೀದಿಯ ಉತ್ತರ ಬದಿ ಸಿಯಾಟಲ್. ದಕ್ಷಿಣ ಬದಿ ವೈಟ್ ಸೆಂಟರ್. ಅಲ್ಲಿ ವಿಯೆಟ್ನಾಂನವರ ಫೋ ಅಂಗಡಿಗಳಿವೆ, ಮೆಕ್ಸಿಕೋದವರ ಬೇಕರಿಗಳಿವೆ, ಕಾಂಬೋಡಿಯದಿಂದ ಬಂದವರ ಮನೆಗಳಿವೆ. ಇಲ್ಲದಿರುವುದು ನಗರಸಭೆ ಮಾತ್ರ. ಮೇಯರ್ ಇಲ್ಲ, ವಾರ್ಡಿನ ಸದಸ್ಯರಿಲ್ಲ. ಬೀದಿಯ ಈಚೆ ಕಳವಾದರೆ ಸಿಯಾಟಲ್ ಪೊಲೀಸರು ಬರುತ್ತಾರೆ, ಆಚೆ ಕಳವಾದರೆ ಕಿಂಗ್ ಕೌಂಟಿಯ ಶೆರಿಫ್ ಕಡೆಯವರು. 2024ರಲ್ಲಿ ಉತ್ತರ ಬದಿಯ ದೊಡ್ಡ ಕಂಪನಿಯೊಂದರ ಮಳಿಗೆಯಲ್ಲಿ ದುಡಿಯುವವರಿಗೆ ಗಂಟೆಗೆ ಕನಿಷ್ಠ 19.97 ಡಾಲರ್ ಕೂಲಿ ಸಿಗಬೇಕಿತ್ತು. ದಕ್ಷಿಣ ಬದಿಯಲ್ಲಿ ಅದೇ ಕಂಪನಿ ಅದೇ ಕೆಲಸಕ್ಕೆ 16.28 ಕೊಟ್ಟರೆ ಕಾನೂನಿನ ತಕರಾರಿರಲಿಲ್ಲ. ರಸ್ತೆ ದಾಟಿದರೆ ಗಂಟೆಗೆ ಮೂರೂಮುಕ್ಕಾಲು ಡಾಲರಿನಷ್ಟು ಖೋತಾ.

ಈ ಗೆರೆಯನ್ನು ಅಳಿಸಲು ಕಿಂಗ್ ಕೌಂಟಿ ಇಪ್ಪತ್ತು ವರ್ಷದಿಂದ ಪ್ರಯತ್ನಿಸುತ್ತಿದೆ. ಈ ಪ್ರಯತ್ನ ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಈ ಲೇಖನದ ವಿಷಯ. ಅದರ ಲೆಕ್ಕ ಸರಿಯಿತ್ತು, ಲೆಕ್ಕ ಬಿಟ್ಟು ಮಿಕ್ಕದ್ದೆಲ್ಲ ಅರ್ಧಂಬರ್ಧ ಎಂಬುದು ನನ್ನ ಅಭಿಪ್ರಾಯ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆದರೆ ಅದರ ಮುಖ್ಯಸ್ಥನನ್ನು ಜನ ಮತ ಹಾಕಿ ಆರಿಸುತ್ತಾರೆ, ಒಂಬತ್ತು ಜನ ಸದಸ್ಯರ ಪರಿಷತ್ತೂ ಇದೆ. ಕೋರ್ಟು, ಜೈಲು, ಆರೋಗ್ಯ, ಮತದಾನ ಇವು ಕೌಂಟಿಯ ಕೆಲಸ. 1994ರಲ್ಲಿ ಮೆಟ್ರೋ ಸಂಸ್ಥೆ ಕೌಂಟಿಯೊಳಗೆ ವಿಲೀನವಾದ ಮೇಲೆ ಬಸ್ಸೂ ಚರಂಡಿ ನೀರಿನ ಶುದ್ಧೀಕರಣವೂ ಅದರ ಹೆಗಲಿಗೇ ಬಂದವು. ಕಿಂಗ್ ಕೌಂಟಿಯಲ್ಲಿ ಸಿಯಾಟಲ್, ಬೆಲ್ವ್ಯೂ, ರೆಂಟನ್, ಕೆಂಟ್ ಸೇರಿ 39 ನಗರಗಳಿವೆ. ಯಾವ ನಗರಕ್ಕೂ ಸೇರದ ಜಾಗದಲ್ಲಿ ರಸ್ತೆಯ ಗುಂಡಿ ಮುಚ್ಚುವುದು, ಮನೆ ಕಟ್ಟಲು ಪರವಾನಗಿ ಕೊಡುವುದು, ಗಸ್ತು ತಿರುಗುವುದು ಎಲ್ಲ ಕೌಂಟಿಯದೇ. ಹೊಲ, ಕಾಡು, ಕುದುರೆ ಲಾಯ ಇರುವ ಕಡೆ ಇದು ಸರಿ. ಸಾವಿರಾರು ಮನೆ ಒತ್ತಿಕೊಂಡಿರುವ ಕಡೆಯೂ ಹೀಗೇ ಆದಾಗ ತೊಡಕು ಶುರುವಾಗುತ್ತದೆ.

1990ರಲ್ಲಿ ವಾಷಿಂಗ್ಟನ್ ರಾಜ್ಯ ಬೆಳವಣಿಗೆ ನಿರ್ವಹಣಾ ಕಾಯ್ದೆ ತಂದಿತು. ಪಟ್ಟಣ ಎಲ್ಲಿಯವರೆಗೆ ಹಬ್ಬಬಹುದು ಎಂದು ಗೆರೆ ಎಳೆಯಬೇಕು, ಗೆರೆಯೊಳಗೆ ಪಟ್ಟಣದ ಸೇವೆ ಕೊಡಲು ನಗರಗಳೇ ತಕ್ಕವು ಎನ್ನುವುದು ಅದರ ಧೋರಣೆ. ಆ ದಶಕದಲ್ಲಿ ಜನ ತಾವಾಗಿಯೇ ಹೊಸ ನಗರ ಕಟ್ಟಿಕೊಂಡರು: ಫೆಡರಲ್ ವೇ, ಸೀಟ್ಯಾಕ್, ಬ್ಯೂರಿಯನ್, ಶೋರ್‌ಲೈನ್, ಕೆನ್ಮೋರ್, ಕೊನೆಗೆ 1999ರಲ್ಲಿ ಸಮಾಮಿಶ್. ಅಂಗಡಿ ಸಾಲು, ಮಾಲು, ವಿಮಾನ ನಿಲ್ದಾಣ, ಒಳ್ಳೆಯ ಬಂಗಲೆ ಇದ್ದವರು ತಮ್ಮ ತೆರಿಗೆಯನ್ನು ಕಟ್ಟಿಕೊಂಡು ಬೇರೆ ಮನೆ ಮಾಡಿದರು. ಉಳಿದದ್ದು ಚೂರುಪಾರು.

ಅದೇ ಹೊತ್ತಿಗೆ ಕೌಂಟಿಯ ಬೊಕ್ಕಸಕ್ಕೆ ಎರಡು ಪೆಟ್ಟು ಬಿದ್ದವು. 1999ರಲ್ಲಿ ಮತದಾರರು ವಾಹನ ತೆರಿಗೆಯನ್ನು ಕಿತ್ತೆಸೆಯಲು ಮತ ಹಾಕಿದರು. 2001ರಲ್ಲಿ ಆಸ್ತಿ ತೆರಿಗೆಯ ಆದಾಯ ವರ್ಷಕ್ಕೆ ಶೇಕಡಾ 1ಕ್ಕಿಂತ ಹೆಚ್ಚು ಏರಬಾರದು ಎಂದು ಕಡಿವಾಣ ಹಾಕಿದರು. ಪೊಲೀಸರ ಸಂಬಳ, ಜೈಲಿನ ಖರ್ಚು, ಆರೋಗ್ಯ ವಿಮೆಯ ಕಂತು ಶೇಕಡಾ 1ರ ಮಾತು ಕೇಳುವವಲ್ಲ. ನಗರಗಳಿಗಾದರೆ ವಿದ್ಯುತ್, ನೀರು, ಫೋನ್ ಬಿಲ್ಲಿನ ಮೇಲೆ ತೆರಿಗೆ ಹಾಕುವ ಅಧಿಕಾರವಿತ್ತು, ವ್ಯಾಪಾರದ ವಹಿವಾಟಿನ ಮೇಲೂ ಹಾಕಬಹುದಿತ್ತು. ಕೌಂಟಿಗೆ ಆ ದಾರಿಗಳಿರಲಿಲ್ಲ. ನಗರದ ಕೆಲಸವನ್ನು ನಗರದ ಆದಾಯವಿಲ್ಲದೆ ಮಾಡಬೇಕಾದ ಪಾಡು ಅದರದು.

ಹೀಗಾಗಿ 2004ರಲ್ಲಿ ಕೌಂಟಿಯ ಅಂದಿನ ಮುಖ್ಯಸ್ಥ ರಾನ್ ಸಿಮ್ಸ್ ಈ ಚೂರುಗಳನ್ನು ಪಕ್ಕದ ನಗರಗಳಿಗೆ ಸೇರಿಸುವ ಸೇರ್ಪಡೆಯ ಅಭಿಯಾನ ಶುರುಮಾಡಿದರು. ಗೆರೆಯೊಳಗಿದ್ದೂ ನಗರವಿಲ್ಲದೆ ಉಳಿದವರ ಸಂಖ್ಯೆ ಆಗ ಸುಮಾರು 2 ಲಕ್ಷ 18 ಸಾವಿರ. ಯಾವ ತುಣುಕು ಯಾವ ನಗರಕ್ಕೆ ಎಂಬ ನಕ್ಷೆ ಸಿದ್ಧವಾಗಿತ್ತು. ಸೇರಿಸಿಕೊಳ್ಳುವ ನಗರಕ್ಕೆ ಕೌಂಟಿ ಒಂದಷ್ಟು ಇಡಿಗಂಟು ಕೊಡುತ್ತೇನೆಂದಿತು. 2006ರಲ್ಲಿ ರಾಜ್ಯವೂ ಕೈಜೋಡಿಸಿತು: 10,000ಕ್ಕಿಂತ ಹೆಚ್ಚು ಜನರಿರುವ ಪ್ರದೇಶವನ್ನು ಸೇರಿಸಿಕೊಂಡರೆ ಮಾರಾಟ ತೆರಿಗೆಯಲ್ಲಿ ರಾಜ್ಯದ ಪಾಲಿನಿಂದ ಶೇಕಡಾ 0.1 ಆ ನಗರಕ್ಕೆ, 20,000 ದಾಟಿದರೆ 0.2, ಹತ್ತು ವರ್ಷದವರೆಗೆ.

ಸಿಮ್ಸ್ ಅವರ ವಾದದಲ್ಲಿ ಮುಚ್ಚುಮರೆ ಇರಲಿಲ್ಲ. ಈ ಮೆಚ್ಚುಗೆಯನ್ನು ಮೊದಲು ಹೇಳಿಬಿಡಬೇಕು. ಈ ಪ್ರದೇಶಗಳಿಂದ ಬರುವುದಕ್ಕಿಂತ ಅವುಗಳಿಗೆ ಖರ್ಚಾಗುವುದೇ ಹೆಚ್ಚು, ಆ ಕೊರತೆಯನ್ನು ಇಡೀ ಕೌಂಟಿಯವರ ದುಡ್ಡಿನಿಂದ ತುಂಬುತ್ತಿದ್ದೇವೆ, ಅದರಿಂದ ಕೋರ್ಟು, ಆರೋಗ್ಯದಂಥ ಎಲ್ಲರ ಸೇವೆಗೂ ಕತ್ತರಿ ಬೀಳುತ್ತಿದೆ ಎಂದು ಕೌಂಟಿ ಲೆಕ್ಕ ತೆರೆದಿಟ್ಟು ಹೇಳಿತು. ಅಧಿಕಾರ ಬೇಡ, ತೆಗೆದುಕೊಂಡು ಹೋಗಿ ಎನ್ನುವ ಸರಕಾರವನ್ನು ನಾವು ದಿನವೂ ನೋಡುವುದಿಲ್ಲ. ಆದರೆ ಆ ಮಾತನ್ನು ವೈಟ್ ಸೆಂಟರಿನ ಮನೆಯಲ್ಲಿ ಕುಳಿತು ಕೇಳಿಸಿಕೊಳ್ಳಿ. ‘ನೀವು ನಮಗೆ ಹೊರೆ’ ಎಂದ ಹಾಗೆ ಕೇಳುತ್ತದೆ. ಹೆಣ್ಣು ಕೊಡಲು ಬಂದವರು ಮನೆಯ ಸಾಲದ ಪಟ್ಟಿಯಿಂದ ಮಾತು ತೆಗೆದಂತೆ.

ಮೊದಲ ಕೆಲವು ವರ್ಷ ಕೆಲಸ ನಡೆಯಿತು. 2008ರಲ್ಲಿ ಲೀ ಹಿಲ್ ಆಬರ್ನ್‌ಗೆ ಸೇರಿತು, ಬೆನ್ಸನ್ ಹಿಲ್ ರೆಂಟನ್‌ಗೆ. 2010ರಲ್ಲಿ ಪ್ಯಾಂಥರ್ ಲೇಕ್ ಕೆಂಟ್‌ಗೆ ಸೇರಿತು. 2011ರ ಜೂನ್ 1ರಂದು ಜುವಾನಿಟಾ, ಫಿನ್ ಹಿಲ್, ಕಿಂಗ್ಸ್‌ಗೇಟ್ ಒಟ್ಟಿಗೆ ಕರ್ಕ್‌ಲ್ಯಾಂಡ್ ಸೇರಿದಾಗ 49 ಸಾವಿರದ ಊರು ಒಂದೇ ಬೆಳಗ್ಗೆ 80 ಸಾವಿರದ ಊರಾಯಿತು. ಇವೆಲ್ಲ 10,000 ದಾಟಿದ ಇಲ್ಲವೇ ಒಳ್ಳೆಯ ಮನೆಗಳ ಪ್ರದೇಶಗಳು ಎಂಬುದನ್ನು ಗಮನಿಸಬೇಕು. ರಾಜ್ಯದ ಆಮಿಷ ಎಲ್ಲಿ ಗಿಟ್ಟುತ್ತದೋ ಅಲ್ಲಿ ನಗರಗಳು ಕೈಚಾಚಿದವು.

ಕ್ಲಹಾನಿಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದು ನಮ್ಮವರಿಗೂ ಗೊತ್ತಿರುವ ಜಾಗ. ಮೈಕ್ರೋಸಾಫ್ಟ್, ಅಮೆಜಾನ್ ಕೆಲಸಕ್ಕೆಂದು ಹೋದ ಕನ್ನಡಿಗರು ಹಲವರು ಮನೆ ಮಾಡಿಕೊಂಡಿರುವ ಸಮಾಮಿಶ್ ಪ್ರಸ್ಥಭೂಮಿಯ ದಕ್ಷಿಣ ತುದಿ ಅದು. ಯೋಜನೆ ಹಾಕಿ ಕಟ್ಟಿದ ಬಡಾವಣೆ. ಕೆರೆ, ಕಾಲುದಾರಿ, ಈಜುಕೊಳ ಎಲ್ಲ ಇದೆ. ನಕ್ಷೆಯಲ್ಲಿ ಅದು ಇಸಕ್ವಾ ನಗರದ ಪಾಲು. 2005ರಲ್ಲಿ ಅಲ್ಲಿನ ಜನ ಇಸಕ್ವಾ ಸೇರಲು ಒಪ್ಪಿದರು, ಆದರೆ ಆ ನಗರದ ಹಳೆಯ ಸಾಲದಲ್ಲಿ ಪಾಲು ಬೇಡ ಎಂದರು. ಹಾಗಾದರೆ ನೀವೂ ಬೇಡ ಎಂದಿತು ಇಸಕ್ವಾ. 2014ರಲ್ಲಿ ಮತ್ತೆ ಮತ ಹಾಕಿದಾಗ ಕೂದಲೆಳೆಯ ಅಂತರದಲ್ಲಿ ಬಿದ್ದುಹೋಯಿತು. ಆಮೇಲೆ ನಕ್ಷೆಯನ್ನೇ ತಿದ್ದಿದರು, ಪಕ್ಕದ ಸಮಾಮಿಶ್ ಕೈ ಮಾಡಿ ಕರೆಯಿತು. 2015ರಲ್ಲಿ ಜನ ಭಾರೀ ಬಹುಮತದಿಂದ ಹೂಂ ಎಂದರು. 2016ರ ಜನವರಿ 1ರಂದು ಎದ್ದವರು ಅದೇ ಮನೆಯಲ್ಲಿ ಬೇರೊಂದು ಊರಿನ ನಿವಾಸಿಗಳಾಗಿದ್ದರು. ಬೇಡಿಕೆಯಿರುವ ವರನಿಗೆ ಎರಡು ಮನೆಯಿಂದ ಜಾತಕ ಬಂದ ಹಾಗೆ. ಆರಿಸಿಕೊಳ್ಳುವ ಸುಖ ಕ್ಲಹಾನಿಗೆ ಸಿಕ್ಕಿತು.

ಕಾಗದದ ಮೇಲೆ ವೈಟ್ ಸೆಂಟರ್‌ಗೂ ಇಬ್ಬರು ವಾರಸುದಾರರಿದ್ದರು. ನಾರ್ತ್ ಹೈಲೈನ್ ಎಂದು ಕರೆಯುವ ಆ ಪ್ರದೇಶದ ಮೇಲೆ ಸಿಯಾಟಲ್ ಕೂಡ ಹಕ್ಕು ಬರೆಸಿತ್ತು, ಬ್ಯೂರಿಯನ್ ಕೂಡ. ಬ್ಯೂರಿಯನ್ ದಕ್ಷಿಣದ ಅರ್ಧವನ್ನು 2010ರಲ್ಲಿ ಸೇರಿಸಿಕೊಂಡಿತು. ಉಳಿದ ಉತ್ತರದ ಅರ್ಧ, ಎಂದರೆ ವೈಟ್ ಸೆಂಟರಿನ ಪೇಟೆ ಇರುವ ಭಾಗ, 2012ರ ನವೆಂಬರಿನಲ್ಲಿ ಬ್ಯೂರಿಯನ್ ಬೇಡ ಎಂದು ದೊಡ್ಡ ಅಂತರದಲ್ಲಿ ಮತ ಹಾಕಿತು. ಸಿಯಾಟಲ್‌ನಲ್ಲಿ ಈ ಪ್ರಸ್ತಾಪ ಹಲವು ಸಲ ಮೇಜಿನ ಮೇಲೆ ಬಂದು ಹಾಗೇ ಒಳಗೆ ಹೋಯಿತು. ಅದೇ 2012ರ ಅದೇ ದಿನ ಸ್ಕೈವೇ ಪ್ರದೇಶದವರು ರೆಂಟನ್ ಸೇರುವ ಪ್ರಸ್ತಾಪವನ್ನು ತಿರಸ್ಕರಿಸಿದರು. ಅಂಥದೇ ಇನ್ನೊಂದು ಪ್ರದೇಶ ಫೇರ್‌ವುಡ್ ಇನ್ನೂ ಹಟಮಾರಿ. ತಾನೇ ನಗರವಾಗುವುದು ಬೇಡ ಎಂದು 2006ರಲ್ಲೊಮ್ಮೆ, 2009ರಲ್ಲೊಮ್ಮೆ ಹೇಳಿತು. ಇನ್ನೊಂದು ನಗರ ಸೇರುವುದೂ ಬೇಡ ಎಂದು 2010ರಲ್ಲಿ ಹೇಳಿತು.

ಈ ಮತದಾರರಿಗೆ ಬುದ್ಧಿಯಿಲ್ಲ ಎನ್ನುವ ದನಿ ಸೇರ್ಪಡೆಯ ಪರ ಮಾತಾಡುವವರಲ್ಲಿ ಆಗಾಗ ಕೇಳುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ನಗರ ಸೇರಿದ ತಿಂಗಳಿಂದಲೇ ವಿದ್ಯುತ್ ಬಿಲ್ಲಿಗೂ ಫೋನ್ ಬಿಲ್ಲಿಗೂ ತೆರಿಗೆ ಅಂಟಿಕೊಳ್ಳಬಹುದು. ಪಾದಚಾರಿ ದಾರಿ ಯಾವ ವರ್ಷ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಬಿಲ್ಲು ಖಚಿತ, ಫುಟ್‌ಪಾತು ಭರವಸೆ. ಬಾಡಿಗೆಗೆ ಇರುವವರಿಗೆ ಇನ್ನೊಂದು ಹೆದರಿಕೆ: ಊರು ‘ಸುಧಾರಿಸಿದರೆ’ ಬಾಡಿಗೆ ಏರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಕಪ್ಪು ಜನರ ಪ್ರಮಾಣ ಅತಿ ಹೆಚ್ಚಿರುವ ಪ್ರದೇಶಗಳಲ್ಲಿ ಸ್ಕೈವೇ ಒಂದು. ಸಿಯಾಟಲ್‌ನ ಒಳಭಾಗದಲ್ಲಿ ಬಾಡಿಗೆ ಕಟ್ಟಲಾಗದೆ ದಕ್ಷಿಣಕ್ಕೆ ಸರಿದು ಬಂದ ಕುಟುಂಬಗಳೂ ಅಲ್ಲಿವೆ. ಒಮ್ಮೆ ಕೈ ಸುಟ್ಟುಕೊಂಡವರು ಯೋಚಿಸಿಯೇ ಮತ ಹಾಕಿರುತ್ತಾರೆ.

ನನ್ನ ದೊಡ್ಡ ಆಕ್ಷೇಪ ಇರುವುದು ರಸ್ತೆಯ ದುಡ್ಡಿನ ವಿಷಯದಲ್ಲಿ. ಕೌಂಟಿ ರಸ್ತೆಗಳಿಗೆಂದು ಬೇರೆಯೇ ಆಸ್ತಿ ತೆರಿಗೆಯಿದೆ. ಅದನ್ನು ಕಟ್ಟುವವರು ನಗರಕ್ಕೆ ಸೇರದ ಜಾಗದವರು ಮಾತ್ರ. ಕಿಂಗ್ ಕೌಂಟಿಯ ಕೈಯಲ್ಲಿ ಸುಮಾರು 1,500 ಮೈಲಿ ರಸ್ತೆ, 180ಕ್ಕೂ ಹೆಚ್ಚು ಸೇತುವೆ ಇವೆ. ಅವುಗಳಲ್ಲಿ ಹೆಚ್ಚಿನವು ಇರುವುದು ಬೆಟ್ಟದ ಕೆಳಗಿನ ಹಳ್ಳಿಗಾಡಿನಲ್ಲಿ. ಕರ್ಕ್‌ಲ್ಯಾಂಡ್ ಪಕ್ಕದ ಬೆಲೆಬಾಳುವ ಮನೆಗಳು ನಗರ ಸೇರಿದಾಗ ಅವು ಕಟ್ಟುತ್ತಿದ್ದ ರಸ್ತೆ ತೆರಿಗೆಯೂ ಜೊತೆಗೆ ಹೋಯಿತು. ಹಳ್ಳಿಯ ಸೇತುವೆಗಳು ಇದ್ದಲ್ಲೇ ಇದ್ದವು. ಆ ಸೇತುವೆಗಳ ಮೇಲೆ ಓಡಾಡುವವರಲ್ಲಿ ನಗರದ ಕೆಲಸಕ್ಕೆ ಹೋಗಿಬರುವವರೂ ಬಹಳ ಮಂದಿ. ಕೊರತೆ ನೀಗಲೆಂದು ಹೊರಟ ಯೋಜನೆ ಒಂದು ಜೇಬಿನ ತೂತು ಹೊಲಿಯುತ್ತ ಇನ್ನೊಂದನ್ನು ಹರಿದುಕೊಂಡಿತು. ಇದು ಮೊದಲೇ ಕಾಣದ ಸಂಗತಿಯೇನಲ್ಲ. ತೆರಿಗೆಯ ನಿಯಮ ಹಳೆಯದೇ ಇತ್ತು. ಸೇರ್ಪಡೆಗೂ ರಸ್ತೆ ನಿಧಿಗೂ ಒಂದೇ ಕಾನೂನಿನಲ್ಲಿ ಗಂಟು ಹಾಕಬೇಕಿತ್ತು. ರಾಜ್ಯದ ಶಾಸಕರು ಆಮಿಷವನ್ನಷ್ಟೇ ಬರೆದರು, ಗಂಟು ಹಾಕಲಿಲ್ಲ.

ಆಮಿಷದ ಅಳತೆಯೂ ತಪ್ಪು. ದರವನ್ನು ತಲೆ ಎಣಿಸಿ ಗೊತ್ತುಮಾಡಿದರು, ಕೊರತೆ ಎಣಿಸಿ ಅಲ್ಲ. 30 ಸಾವಿರ ಉಳ್ಳವರನ್ನು ಸೇರಿಸಿಕೊಂಡರೂ 0.2, ಚರಂಡಿಯಿಲ್ಲದ ಬೀದಿಗಳ 20 ಸಾವಿರಕ್ಕೂ ಹೆಚ್ಚು ಬಡವರನ್ನು ಸೇರಿಸಿಕೊಂಡರೂ ಅದೇ 0.2. ಯಾವ ನಗರಸಭೆಯ ಲೆಕ್ಕಿಗನೂ ಮೊದಲನೆಯದನ್ನೇ ಆರಿಸುತ್ತಾನೆ. ಸ್ವಯಂಪ್ರೇರಣೆಯ ಸೇರ್ಪಡೆ ಎಂಬುದು ಕೇಳಲು ಚೆಂದ, ಆದರೆ ಅದು ಜರಡಿ ಹಿಡಿದ ಹಾಗೆ ಕೆಲಸ ಮಾಡಿತು. ಕಾಳು ಜಾರಿಹೋಯಿತು, ಉಳಿದದ್ದನ್ನು ಕೌಂಟಿ ‘ಉಳಿಕೆ ಪ್ರದೇಶ’ ಎಂದು ನೋಡತೊಡಗಿತು.

ಇದರ ತದ್ವಿರುದ್ಧ ದಾರಿ ನಮಗೆ ಗೊತ್ತು. ಇಂದು ಸಮಾಮಿಶ್‌ನಲ್ಲಿರುವ ಎಷ್ಟೋ ಜನ ಬಿಟ್ಟುಬಂದ ಮಹದೇವಪುರ 2007ರಲ್ಲಿ ಬೆಂಗಳೂರಿಗೆ ಸೇರಿದ್ದು ಅಧಿಸೂಚನೆಯಿಂದ. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಂದೇ ಏಟಿಗೆ. ಮತ ಕೇಳಲಿಲ್ಲ. ಆ 110 ಹಳ್ಳಿಗೆಂದೇ ಹಾಕಿಕೊಂಡ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹಾಗಾಗಿ ಕಿಂಗ್ ಕೌಂಟಿಯಲ್ಲಿ ಮತ ಕೇಳಿದ್ದೇ ತಪ್ಪು ಎಂದು ಹೇಳುವ ಬಾಯಿ ನನಗಿಲ್ಲ. ಕೇಳಿದ ಪ್ರಶ್ನೆ ಕಿರಿದಾಗಿತ್ತು ಎಂಬುದಷ್ಟೇ ನನ್ನ ತಕರಾರು. ‘ಸೇರುತ್ತೀರಾ, ಇಲ್ಲವಾ’ ಎಂದರು. ಸೇರದಿದ್ದರೆ ನಿಮಗೇನು ಕೊಡುತ್ತೇವೆ ಎಂಬುದಕ್ಕೆ ಬಹಳ ವರ್ಷ ಉತ್ತರವೇ ಇರಲಿಲ್ಲ.

ಉತ್ತರ ಈಚೆಗೆ ಬರುತ್ತಿದೆ, ಅದೂ ಅಭಿಯಾನದ ಹೆಸರಿಲ್ಲದೆ. ಸ್ಕೈವೇ, ವೈಟ್ ಸೆಂಟರ್, ಫೇರ್‌ವುಡ್ ಮೊದಲಾದ ಐದು ಪ್ರದೇಶಗಳಿಗೆ ಕೌಂಟಿ 1 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟು, ಯಾವ ಕೆಲಸಕ್ಕೆ ಖರ್ಚು ಮಾಡಬೇಕೆಂದು ನೀವೇ ಮತ ಹಾಕಿ ಎಂದಿತು. 2022ರ ಕೊನೆಯಲ್ಲಿ ಸ್ಕೈವೇಗೂ ನಾರ್ತ್ ಹೈಲೈನ್‌ಗೂ ಹೊಸ ಪ್ರದೇಶ ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತು. ನಗರದ ಕೆಲಸವನ್ನು ಕೈಬಿಡಲೆಂದು ಹೊರಟ ಕೌಂಟಿ ಕೊನೆಗೆ ತಾನೇ ನಗರಸಭೆಯಂತೆ ನಡೆದುಕೊಳ್ಳುವುದನ್ನು ಕಲಿಯುತ್ತಿದೆ. 2004ರಲ್ಲೇ ಇದನ್ನು ಮಾಡಿದ್ದರೆ ಸೇರ್ಪಡೆಯ ಮಾತನ್ನು ಆ ಜನ ಬೇರೆ ಕಿವಿಯಿಂದ ಕೇಳುತ್ತಿದ್ದರೇನೋ. ಚರಂಡಿ, ದೀಪ, ಫುಟ್‌ಪಾತು ಇರುವ ಬೀದಿಯನ್ನು ಸೇರಿಸಿಕೊಳ್ಳಲು ನಗರಗಳಿಗೂ ಅಷ್ಟು ಅಳುಕು ಇರುತ್ತಿರಲಿಲ್ಲ.

2024ರ ಮೇ ತಿಂಗಳಲ್ಲಿ ಕೌಂಟಿ ಪರಿಷತ್ತು ನಗರಕ್ಕೆ ಸೇರದ ಜಾಗಗಳಿಗೆ ತನ್ನದೇ ಕನಿಷ್ಠ ಕೂಲಿ ಗೊತ್ತುಮಾಡಿತು. 2025ರ ಜನವರಿ 1ರಿಂದ ರಾಕ್ಸ್‌ಬರಿಯ ದಕ್ಷಿಣ ಬದಿಯಲ್ಲಿ ದೊಡ್ಡ ಕಂಪನಿಗಳು ಗಂಟೆಗೆ 20.29 ಡಾಲರ್ ಕೊಡಬೇಕಾಯಿತು. ಉತ್ತರ ಬದಿಯಲ್ಲಿ ಆ ವರ್ಷ 20.76. ರಸ್ತೆ ದಾಟಿದರೆ ಆಗ 47 ಸೆಂಟು ಕಡಿಮೆ.