ಹಸಿರಾದ ನೀರನ್ನು ಚೆಲ್ಲಬೇಡಿ

ಕೊಳದ ನೀರು ಹಸಿರಾಯಿತೆಂದರೆ ನಮ್ಮ ಕಡೆ ಹೆಚ್ಚಿನವರು ಮಾಡುವ ಮೊದಲ ಕೆಲಸ, ಪೂರ್ತಿ ನೀರನ್ನು ಮೋರಿಗೆ ಬಿಟ್ಟು ಟ್ಯಾಂಕರ್‌ನವರಿಗೆ ಫೋನ್ ಮಾಡುವುದು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಪುಟ್ಟ ಕೊಳದಲ್ಲೂ 40,000 ಲೀಟರ್ ನೀರಿರುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಸಾರಿತ್ತು. ಆ ಬೇಸಿಗೆಯನ್ನು ಕಂಡ ಮೇಲೂ ಪಾಚಿ ಕಟ್ಟಿತೆಂಬ ಒಂದೇ ಕಾರಣಕ್ಕೆ ಇಷ್ಟು ನೀರು ಚೆಲ್ಲುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿತ್ತಿಲಲ್ಲಿ ಕೊಳ ಕಟ್ಟಿಸಿಕೊಂಡವರು ಅದೇ ನೀರನ್ನು ವರ್ಷಗಟ್ಟಲೆ ಕಾಪಾಡಿಕೊಳ್ಳಬೇಕು. ಸ್ವಲ್ಪ ರಸಾಯನಶಾಸ್ತ್ರ ತಿಳಿದಿದ್ದರೆ ಅದು ಕಷ್ಟವೂ ಅಲ್ಲ.

‘ಕ್ಲೋರಿನ್ ಹಾಕುತ್ತಲೇ ಇದ್ದೇವೆ, ಆದರೂ ಪಾಚಿ’ ಎನ್ನುವವರ ಕೊಳದಲ್ಲಿ ನಾನು ಮೊದಲು ನೋಡುವುದು ಪಿಎಚ್. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪ ತಾಳುತ್ತದೆ. ಹೈಪೋಕ್ಲೋರಸ್ ಆಮ್ಲವಾದದ್ದು ಕ್ರಿಮಿ, ಪಾಚಿಗಳನ್ನು ಕೊಲ್ಲುತ್ತದೆ. ಹೈಪೋಕ್ಲೋರೈಟ್ ಆದದ್ದು ಬಹಳ ನಿಧಾನ. ಪಿಎಚ್ 7.2 ಇದ್ದಾಗ ಮೂರರಲ್ಲಿ ಎರಡು ಪಾಲು ಕೆಲಸದ ರೂಪದಲ್ಲಿರುತ್ತದೆ. 7.5ಕ್ಕೆ ಅರ್ಧ. 8 ತಲುಪಿದರೆ ಉಳಿಯುವುದು ಕಾಲು ಪಾಲು ಮಾತ್ರ. ಡಬ್ಬಿಗಟ್ಟಲೆ ಸುರಿದರೂ ಫಲ ಸಿಗದಿರುವುದಕ್ಕೆ ಹಲವು ಸಲ ಇದೇ ಕಾರಣ.

ಪಿಎಚ್ ಏರುವುದೇಕೆ? ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಗಡಸುತನದ ಜೊತೆಗೆ ಕ್ಷಾರತೆಯೂ ಹೆಚ್ಚು. ಅದರಲ್ಲಿ ಕರಗಿರುವ ಬೈಕಾರ್ಬೊನೇಟ್, ನೀರು ಗಾಳಿಗೆ ತೆರೆದುಕೊಂಡಂತೆಲ್ಲ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ, ಪಿಎಚ್ ಮೇಲಕ್ಕೆ ಸರಿಯುತ್ತದೆ. ಇವತ್ತು ಆಸಿಡ್ ಹಾಕಿ ಇಳಿಸಿದರೆ ವಾರದೊಳಗೆ ಮತ್ತೆ ಅದೇ ಕಥೆ. ಆದ್ದರಿಂದ ಪಿಎಚ್‌ಗಿಂತ ಮೊದಲು ಕ್ಷಾರತೆಯನ್ನು ಲೀಟರಿಗೆ 80ರಿಂದ 100 ಮಿಲಿಗ್ರಾಂಗೆ ತರಬೇಕು. 40,000 ಲೀಟರಿನ ಕೊಳದಲ್ಲಿ ಅದನ್ನು 10 ಇಳಿಸಲು ಅಂಗಡಿಯಲ್ಲಿ ಸಿಗುವ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 800 ಮಿಲಿಲೀಟರ್ ಬೇಕು. ಒಮ್ಮೆಲೇ ಬೇಡ. ದಿನಕ್ಕೊಂದು ಪಾಲು, ಪಂಪು ಓಡುತ್ತಿರುವಾಗ ಕೊಳದ ಆಳದ ಕಡೆ, ಪಿಎಚ್ 7ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಎಂದೂ ಆಸಿಡ್ಡಿಗೆ ಹಾಕಬಾರದು.

ಮಲೆನಾಡಿನ, ಕೊಡಗಿನ ಹೋಂಸ್ಟೇಗಳವರದು ತದ್ವಿರುದ್ಧ ಪಾಡು. ಅಲ್ಲಿಯ ಹಳ್ಳದ, ಮಳೆಯ ಮೃದು ನೀರಿಗೆ ಸುಣ್ಣದ ಹಸಿವು. ಟೈಲ್ಸ್ ಸಂದಿನ ಸಿಮೆಂಟನ್ನೇ ಕರಗಿಸಿಕೊಳ್ಳುತ್ತದೆ. ಅವರು ಅಡುಗೆ ಸೋಡಾದಿಂದ ಕ್ಷಾರತೆಯನ್ನೂ ಕ್ಯಾಲ್ಸಿಯಂ ಕ್ಲೋರೈಡಿನಿಂದ ಗಡಸುತನವನ್ನೂ ಏರಿಸಬೇಕು. ನೀರು ಸುಣ್ಣ ಕಟ್ಟುತ್ತದೋ ಸುಣ್ಣ ತಿನ್ನುತ್ತದೋ ಎಂದು ಲೆಕ್ಕ ಹಾಕುವ ಸೂತ್ರವನ್ನು ವಿಲ್‌ಫ್ರೆಡ್ ಲ್ಯಾಂಜಲಿಯರ್ 1936ರಲ್ಲೇ ಕೊಟ್ಟಿದ್ದಾರೆ. ಕೊಳವೆ ಮಾರ್ಗಗಳಿಗೆಂದು ಹುಟ್ಟಿದ ಆ ಲೆಕ್ಕ ಇಂದು ಈಜುಕೊಳಗಳಿಗೂ ಆಧಾರ.

ಇನ್ನು ಯಾವ ಕ್ಲೋರಿನ್ ಎಂಬ ಪ್ರಶ್ನೆ. ನನ್ನ ಅಭಿಪ್ರಾಯ ಗಟ್ಟಿಯಾಗಿರುವುದು ಇಲ್ಲಿಯೇ. ಅಂಗಡಿಯವರು ಕೈಗಿಡುವುದು ಟ್ರೈಕ್ಲೋರ್ ಮಾತ್ರೆ. ತೇಲುಬುಟ್ಟಿಯಲ್ಲಿ ಇಟ್ಟು ಮರೆತುಬಿಡಬಹುದು ಎಂಬುದೇ ಅದರ ಆಕರ್ಷಣೆ. ಆದರೆ ಮಾತ್ರೆಯಿಂದ ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಬಂದಾಗ ಅದರೊಂದಿಗೆ ಸುಮಾರು 6 ಮಿಲಿಗ್ರಾಂ ಸಯನ್ಯೂರಿಕ್ ಆಮ್ಲವೂ ಸೇರುತ್ತದೆ. ಈ ಆಮ್ಲ ಬಿಸಿಲಿನಲ್ಲಿ ಕ್ಲೋರಿನ್ನಿಗೆ ಕೊಡೆ ಹಿಡಿಯುತ್ತದೆ, ನಿಜ. ಅದಿಲ್ಲದ ನೀರಿನಲ್ಲಿ ನಡುಹಗಲಿನ ಬಿಸಿಲಿಗೆ ಅರ್ಧ ಕ್ಲೋರಿನ್ ಒಂದು ತಾಸಿನೊಳಗೆ ಹೋಗಿಬಿಡುತ್ತದೆ. 30ರಿಂದ 50 ಮಿಲಿಗ್ರಾಂ ಇದ್ದರೆ ಹಿತ. 100 ದಾಟಿದರೆ ಅದೇ ಕ್ಲೋರಿನ್ನನ್ನು ಕಟ್ಟಿಹಾಕುತ್ತದೆ. ಆವಿಯಾಗದ, ಸುಲಭಕ್ಕೆ ಒಡೆಯದ ಈ ಆಮ್ಲವನ್ನು ಮನೆಮಟ್ಟದಲ್ಲಿ ಇಳಿಸಲು ಇರುವ ದಾರಿ ನೀರು ಚೆಲ್ಲುವುದೊಂದೇ. ಮಾತ್ರೆಯ ನಿಜವಾದ ಬೆಲೆ ಅದು.

ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳುಗಳು ಮಲೆನಾಡಿನ ನೀರಿಗೆ ಒಳ್ಳೆಯವು. ಮೊದಲೇ ಗಡಸಾದ ಬೋರ್‌ವೆಲ್ ನೀರಿಗೆ ಅವು ಇನ್ನಷ್ಟು ಸುಣ್ಣ ಸೇರಿಸುತ್ತವೆ. ಹಾಗಾಗಿ ಬಯಲುಸೀಮೆಗೆ ನಾನು ಒಪ್ಪುವುದು ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್. ಹಿಂದೆ ಉಳಿಸುವುದು ಒಂದಿಷ್ಟು ಉಪ್ಪು ಮಾತ್ರ. ಲೆಕ್ಕವೂ ಸರಳ: ಶೇ 10ರ ದ್ರಾವಣ 400 ಮಿಲಿಲೀಟರ್ ಹಾಕಿದರೆ 40,000 ಲೀಟರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಏರುತ್ತದೆ. ಸೂರ್ಯ ಮುಳುಗಿದ ಮೇಲೆ ಹಾಕಿ. ಸೆಕೆಗೆ ಇದರ ಶಕ್ತಿ ಕುಂದುವುದರಿಂದ ತಿಂಗಳಿಗೆ ಬೇಕಾದಷ್ಟನ್ನೇ ಕೊಂಡು ನೆರಳಿನಲ್ಲಿಡಿ. ಒಂದು ಎಚ್ಚರಿಕೆ: ಮಾತ್ರೆಯನ್ನೂ ಹರಳನ್ನೂ ಬೆರೆಸಿದರೆ ಬೆಂಕಿ ಹೊತ್ತಿ ಸಿಡಿಯಬಹುದು, ಯಾವುದೇ ಕ್ಲೋರಿನ್ನಿಗೆ ಆಸಿಡ್ ಸೋಕಿದರೆ ವಿಷಾನಿಲ ಏಳುತ್ತದೆ. ಮೂರನ್ನೂ ಒಂದೇ ಕಪಾಟಿನಲ್ಲಿಡಬೇಡಿ, ಒಂದೇ ಚಮಚದಲ್ಲಿ ಅಳೆಯಬೇಡಿ.

ಅಳೆಯದೆ ಏನನ್ನೂ ಹಾಕಬಾರದು. ಹಳದಿ ಬಣ್ಣ ತೋರಿಸುವ ಅಗ್ಗದ ಕಿಟ್‌ಗಳು ಒಟ್ಟು ಕ್ಲೋರಿನ್ನನ್ನಷ್ಟೇ ಹೇಳುತ್ತವೆ. ಅದರಲ್ಲಿ ಎಷ್ಟು ಬೆವರು, ಮೂತ್ರದೊಂದಿಗೆ ಸೇರಿ ಕ್ಲೋರಮೈನ್ ಆಗಿದೆ ಎಂದು ತಿಳಿಯುವುದಿಲ್ಲ. ಕಣ್ಣು ಉರಿಸುವ ಘಾಟು ಬರುವುದು ಈ ಕ್ಲೋರಮೈನ್‌ನಿಂದ. ಆ ನೀರಿಗೆ ಕ್ಲೋರಿನ್ ಹೆಚ್ಚಾಗಿದೆ ಎಂದುಕೊಳ್ಳಬೇಡಿ, ಸಾಲದೆ ಬಂದಿದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್ಟೇ ಸರಿ.

ಈಗ ಹಸಿರಾದ ಕೊಳ. ಪಿಎಚ್ 7.2ಕ್ಕೆ ಇಳಿಸಿ. ಸಯನ್ಯೂರಿಕ್ 30ರ ಆಸುಪಾಸಿದ್ದರೆ ಸಂಜೆ ನಾಲ್ಕೈದು ಲೀಟರ್ ದ್ರವ ಕ್ಲೋರಿನ್ ಹಾಕಿ, ಗೋಡೆ, ಮೆಟ್ಟಿಲು, ಮೂಲೆಗಳನ್ನೆಲ್ಲ ಬ್ರಷ್‌ನಿಂದ ಉಜ್ಜಿ. ಫಿಲ್ಟರ್ ಹಗಲು ರಾತ್ರಿ ಓಡಲಿ, ಒತ್ತಡ ಏರಿದಾಗ ಬ್ಯಾಕ್‌ವಾಶ್ ಮಾಡಿ. ದಿನವೂ ಅಳೆದು, ಕ್ಲೋರಿನ್ 10ರ ಮಟ್ಟದಿಂದ ಕುಸಿದಷ್ಟನ್ನು ಮತ್ತೆ ತುಂಬಿ. ಹಸಿರು ಮೊದಲು ಬೂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತಿಳಿಯಾಗುತ್ತದೆ. ರಾತ್ರಿ ಕಳೆದರೂ ಕ್ಲೋರಿನ್ ಕುಸಿಯದಿದ್ದರೆ ಪಾಚಿ ಸತ್ತಿದೆ ಎಂದರ್ಥ. ಕ್ಲೋರಿನ್ ಹಾಕಿದೊಡನೆ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಬೋರ್‌ವೆಲ್ಲಿನ ಕಬ್ಬಿಣ, ಬಹುಪಾಲು ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕ್ಲೋರಿನ್ 3ಕ್ಕೆ ಇಳಿದು, ಕೊಳದ ತಳ ಸ್ಪಷ್ಟವಾಗಿ ಕಾಣುವವರೆಗೆ ಮಕ್ಕಳನ್ನು ಇಳಿಸಬೇಡಿ.

ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಇಷ್ಟು ದೊಡ್ಡ ಕೊಳ 160 ಲೀಟರ್ ಕಳೆದುಕೊಳ್ಳುತ್ತದೆ. ಸುಣ್ಣ ಮಾತ್ರ ಅಲ್ಲೇ ಉಳಿಯುತ್ತದೆ. ಮತ್ತೆ ಬೋರ್‌ವೆಲ್ ನೀರನ್ನೇ ತುಂಬಿದರೆ ಸುಣ್ಣದ ಮೇಲೆ ಸುಣ್ಣ. ನೂರು ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 2,000 ಲೀಟರ್ ಮೃದು ನೀರು ದೊರೆಯುತ್ತದೆ. ಮುಂಗಾರಿಗೆ ಮುನ್ನ ಚಾವಣಿಯ ಪೈಪಿಗೆ ಒಂದು ಶೋಧಕ ಹಾಕಿಸಿ ಟ್ಯಾಂಕಿಗೆ ಜೋಡಿಸಿಕೊಳ್ಳಿ, ಸಯನ್ಯೂರಿಕ್ ಆಮ್ಲವನ್ನೂ ಅಳೆಯುವ ಕಿಟ್ ಒಂದನ್ನು ಕೊಂಡಿಡಿ. ಟ್ಯಾಂಕರ್‌ಗೆ ಫೋನ್ ಮಾಡುವ ಮೊದಲು ನೀರನ್ನು ಒಮ್ಮೆ ಅಳೆದು ನೋಡಿ.